ಹೆಸ್ಟರ್‌ಳ ಬ್ಲೂಬೆಲ್ ತಪಾಸಣೆ

ಹೆಸ್ಟರ್ ಪ್ಲಮ್ಲಿ ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಬಕೆಟ್ಟು ಹಿಡಿದು ಗೇಟು ತಳ್ಳಿಕೊಂಡು ಬಂದದ್ದನ್ನು ಕಂಡು ಸಿರಿಲ್ ತನ್ನ ಹಿತ್ತಲ ಹೂವಿನ ಪಾತಿಗೆ ಅಡ್ಡವಾಗಿ ನಿಂತ. ನಾಳೆ ಊರಿನ ಕಾಡಿನಲ್ಲಿ ಬ್ಲೂಬೆಲ್ ಎಂಬ ನೀಲಿ ಗಂಟೆಹೂಗಳನ್ನು ನೋಡುವ ನಡಿಗೆ. ಲಂಡನ್ನಿನಿಂದೆಲ್ಲ ಜನ ಬರುತ್ತಾರೆ. ಕಾಡಿನ ಅಂಚಿನ ಹಿತ್ತಲುಗಳಲ್ಲಿ ಸ್ಪೇನಿನ ಜಾತಿಯ ಬ್ಲೂಬೆಲ್ ಇದ್ದರೆ ದುಂಬಿಗಳು ಅದರ ಪರಾಗ ಹೊತ್ತೊಯ್ದು ಊರ ತಳಿಯನ್ನು ಬೆರಕೆ ಮಾಡಿಬಿಡುತ್ತವೆಂದು ನಡಿಗೆ ಸಮಿತಿಯ ಅಧ್ಯಕ್ಷೆ ಹೆಸ್ಟರ್ ಅವನ್ನು ಕಿತ್ತೆಸೆಯಲು ಬೇಟೆಗೆ ಹೊರಟಿದ್ದಳು.

"ಬೇಜಾರು ಮಾಡ್ಕೋಬೇಡಿ ಸಿರಿಲ್. ನಿಮ್ಮ ಹೂವನ್ನ ಒಂಚೂರು ನೋಡ್ಬೇಕು."

"ಅದು ನೆಸ್ಟಾ ನೆಟ್ಟಿದ್ದು," ಎಂದ ಸಿರಿಲ್. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಹೂವು ಬಿಟ್ಟ ದಿನಗಳಲ್ಲಿ ಅವನು ಚಹಾದ ಕಪ್ಪು ಹಿಡಿದು ಅವುಗಳ ಪಕ್ಕದಲ್ಲೇ ಕೂರುತ್ತಿದ್ದ. ಅವನ್ನೂ ಕಿತ್ತರೆ ಅವಳನ್ನು ಇನ್ನೊಮ್ಮೆ ಕಳಕೊಂಡ ಹಾಗೆಯೇ.

ಹೆಸ್ಟರ್ ಆಗಲೇ ಮಂಡಿಯೂರಿದ್ದಳು. "ನಮ್ಮವು ನಾಚಿಕೊಂಡ ಹಾಗೆ ಒಂದೇ ಕಡೆ ತಲೆ ಬಗ್ಗಿಸ್ತಾವೆ. ಇವು ನೋಡಿ, ಪೊಲೀಸಿನವರ ಥರ ನೆಟ್ಟಗೆ ನಿಂತಿವೆ. ಘಮಾನೂ ಇಲ್ಲ." ಬಿಳಿ ಕರವಸ್ತ್ರಕ್ಕೆ ಪರಾಗ ಒರೆಸಿ ಅವನ ಮುಖಕ್ಕೆ ಹಿಡಿದಳು. "ಊರಿನದಾದ್ರೆ ಪರಾಗ ಕೆನೆ ಬಣ್ಣ. ಇದು ನೀಲಿ! ಪಾಪ, ನೆಸ್ಟಾಗೆ ಯಾವನೋ ಅಂಗಡಿಯವನು ಟೋಪಿ ಹಾಕಿದಾನೆ."

"ಅಂಗಡಿಯಿಂದ ತಂದಿದ್ದಲ್ಲ," ಸಿರಿಲ್ ತಡವರಿಸಿದ. "ನಾವು ಈ ಊರಿಗೆ ಬಂದ ವರ್ಷ ನೀವೇ ಕೊಟ್ಟಿದ್ರಿ. ಬಿಸ್ಕತ್ತಿನ ಡಬ್ಬಿಲಿ. ನಿಮ್ಮಜ್ಜಿ ನೆಟ್ಟಿದ್ರ ಗೆಡ್ಡೆ ಅಂತ."

ಹೆಸ್ಟರ್ ಎದ್ದು ತನ್ನ ಹಿತ್ತಲಿಗೆ ನಡೆದಳು. ಅವನೂ ಹಿಂದೆ ಹೋದ. ಅಜ್ಜಿಯ ಕಾಲದ ಹೂವಿಗೆ ಕರವಸ್ತ್ರದ ಮೂಲೆ ಒತ್ತಿದಳು. ನೀಲಿ. ಪಕ್ಕದ್ದಕ್ಕೆ ಒತ್ತಿದಳು, ಅದೂ ನೀಲಿ. ನಾಲ್ಕು ಮೂಲೆಯೂ ಮುಗಿದವು.

"ನಮ್ಮಜ್ಜಿ ಪಕ್ಕದ ಊರಿನ ಸಂತೆ ಬಿಟ್ಟು ಆಚೆ ಹೋದೋಳಲ್ಲ," ಎಂದಳು. "ಅವಳಿಗೆ ಸ್ಪೇನ್ ಎಲ್ಲಿಂದ ಬಂತು?" ಕರವಸ್ತ್ರವನ್ನು ಮಡಚಿ ಮಡಚಿ ಮುಷ್ಟಿಯಲ್ಲಿ ಅಡಗಿಸಿಕೊಂಡಳು.

ಸಿರಿಲ್ ಬಾಯಿಗೆ ಬಂದ ನಗುವನ್ನು ನುಂಗಿಕೊಂಡ. ಅಯ್ಯೋ ಪಾಪ ಎನಿಸಿತು. ಮನೆಗೆ ಹೋಗಿ ಕತ್ತರಿ ತಂದ. "ಹೂವಷ್ಟೇ ಕತ್ತರಿಸೋಣ. ಹೂವೇ ಇಲ್ಲ ಅಂದ್ರೆ ದುಂಬಿಗೆ ಇಲ್ಲೇನು ಕೆಲಸ? ಗೆಡ್ಡೆ ಅದರ ಪಾಡಿಗೆ ಮಣ್ಣಲ್ಲಿರ್ಲಿ."

"ಸಮಿತಿಯವರು ಕೇಳಿದ್ರೆ?"

"ಇಷ್ಟು ವರ್ಷದಲ್ಲಿ ನಿಮ್ಮನ್ನ ಬಿಟ್ಟು ಯಾರು ಏನು ಕೇಳಿದಾರೆ?"

ಮರುದಿನ ನಡಿಗೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಚಹಾದ ಮೇಜುಗಳ ಮೇಲೆಲ್ಲ ಜಾಮಿನ ಬಾಟಲಿಗಳು, ಬಾಟಲಿಗಳ ತುಂಬ ಹಿಂದಿನ ದಿನ ಕತ್ತರಿಸಿದ ನೀಲಿ ಹೂವು. ಲಂಡನ್ನಿನಿಂದ ಬಂದ ಹೆಂಗಸೊಬ್ಬಳು ಬಗ್ಗಿ ಮೂಸಿದಳು, ಮತ್ತೊಮ್ಮೆ ಮೂಸಿ ಹುಬ್ಬು ಗಂಟಿಕ್ಕಿದಳು.

"ಇದಕ್ಕೆ ಘಮಾನೇ ಇಲ್ವಲ್ಲ?"

"ನಿಮಗೆ ನೆಗಡಿ ಆಗಿದೆ ಕಣಮ್ಮ," ಎಂದಳು ಹೆಸ್ಟರ್, ಬಾಟಲಿಯನ್ನು ಅತ್ತ ಸರಿಸುತ್ತ. "ಸಿರಿಲ್, ಇವರಿಗೊಂದು ಬಿಸಿ ಚಹಾ ಕೊಡಿ."