ಕಚ್ಚದ ಬೂಟು

ಅಪ್ಪ ಒಬ್ಬರೇ ಸೇತುವೆ ಕಾದ ಕಥೆಯನ್ನು ಅಣ್ಣ ಶುರು ಮಾಡಿದ ಕೂಡಲೇ ತಂಗಿ ಹಲ್ಲು ಕಚ್ಚಿದಳು. ಹೋದ ವರ್ಷ ಹೇಳಿದಾಗ ಆ ಸೇತುವೆಯ ಮೇಲೆ ಶತ್ರುಗಳು ಹತ್ತೇ ಜನ ಇದ್ದರು. ಈ ಸಲ ಒಂದು ತುಕಡಿಯೇ ಬಂದಿತ್ತು.

“ಅಂಥ ವೀರ ಇವತ್ತು ನಮ್ಮ ಜೊತೆ ಇಲ್ಲ,” ಎಂದು ಅಣ್ಣ ಕರವಸ್ತ್ರ ತೆಗೆದ. ವಿಮೆ ಮಾರುವವನು. ಸಾವಿನ ಬಗ್ಗೆ ಮಾತಾಡುವುದು ಅವನಿಗೆ ನೀರು ಕುಡಿದಷ್ಟು ಸುಲಭ.

ಮನೆಯ ಮುಂದಿನ ಕೋಣೆಯಲ್ಲಿ, ಪಕ್ಕದ ಶಾಲೆಯಿಂದ ತಂದ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಬಹುಪಾಲು ಖಾಲಿ. ಮೇಜಿನ ಮೇಲೆ ಸಮವಸ್ತ್ರದ ಫೋಟೋ, ಅಪ್ಪನೇ ಆರಿಸಿಟ್ಟದ್ದು. ನೆರೆಮನೆಯ ದರ್ಜಿ ಆಗಲೇ ಎರಡು ಸಲ ಆಕಳಿಸಿದ್ದ. ಮೊದಲ ಸಾಲಿನಲ್ಲಿ ಅಮ್ಮ ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದರು. ದುಃಖ ಬಂದಾಗ ಕೈಗೆ ಕೆಲಸ ಇರಬೇಕು ಎನ್ನುವವರು ಅವರು.

“ಬೇಗ ಮುಗಿಸೋ, ಒಲೆ ಮೇಲೆ ನೀರಿಟ್ಟಿದೀನಿ,” ಎಂದರು.

ಸೇತುವೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಯುದ್ಧ ನಡೆದಷ್ಟು ಕಾಲವೂ ಅಪ್ಪ ಸೈನಿಕರ ಬೂಟು ಹೊಲಿದಿದ್ದರು. ಶಾಲೆಯಲ್ಲಿ ಗೆಳೆಯನೊಬ್ಬ ತನ್ನಪ್ಪನ ಪದಕ ತಂದು ತೋರಿಸಿದ ದಿನ ಅಣ್ಣ ಆ ಸೇತುವೆ ಕಟ್ಟಿದ. ಆಮೇಲೆ ಅದನ್ನು ಕೆಡವಲು ಅವನಿಗೆ ಧೈರ್ಯ ಬರಲಿಲ್ಲ, ಅಪ್ಪನಿಗೆ ಮನಸ್ಸು ಬರಲಿಲ್ಲ. ಮಗ ಹೊಗಳುವಾಗಲೆಲ್ಲ ಅಪ್ಪ ತಲೆ ತಗ್ಗಿಸಿ ತಮ್ಮ ಪಾದ ನೋಡುತ್ತಿದ್ದರು. ಜನ ಅದನ್ನು ವಿನಯ ಅಂದುಕೊಳ್ಳುತ್ತಿದ್ದರು. ನಾಚಿಕೆ ಎಂದು ಗೊತ್ತಿದ್ದದ್ದು ಮಗಳಿಗೆ ಮಾತ್ರ. ತಮ್ಮದು ಹೇಳಿಕೊಳ್ಳುವಂಥ ಕೆಲಸವಲ್ಲ ಎಂದು ಅವರು ನಂಬಿಬಿಟ್ಟಿದ್ದರು. ಹಾಗಲ್ಲ ಅಪ್ಪಾ ಎಂದು ಅವಳು ಒಂದು ದಿನವೂ ಹೇಳಿರಲಿಲ್ಲ. ಹೇಳುವುದಾದರೆ ಇಂದೇ ಹೇಳಬೇಕು.

“ಈಗ ಮಗಳ ಸರದಿ,” ಎಂದ ದರ್ಜಿ.

ಅವಳು ಎದ್ದು ನಿಂತಳು. ಹಿಂದಿನ ಮೂಲೆಯಲ್ಲಿ ಅಪ್ಪನ ಬೆತ್ತದ ಕುರ್ಚಿ. ಅತ್ತ ನೋಡದೆ ಕಿಟಕಿಯ ಕಡೆ ತಿರುಗಿಯೇ ಮಾತಾಡಿದಳು.

“ಅಣ್ಣ ಹೇಳಿದ್ದು ಚೆನ್ನಾಗಿತ್ತು. ಆದ್ರೆ ಅದು ನಮ್ಮಪ್ಪ ಅಲ್ಲ. ನಮ್ಮಪ್ಪ ಬಂದೂಕು ಹಿಡಿದವರಲ್ಲ, ಬೂಟು ಹೊಲೀತಿದ್ರು. ನನ್ನ ಬೂಟಿಗೆ ಹೊಲಿಗೆ ಹಾಕ್ತಾ ಒಂದೇ ಒಂದು ಸಲ ಹೇಳಿದ್ರು. ‘ರಿಪೇರಿಗೆ ಬಂದ ಬೂಟು ನೋಡಿದ್ರೆ, ಸದ್ಯ, ಇವನಿನ್ನೂ ನಡೀತಿದಾನೆ ಅಂತ ಸಮಾಧಾನ ಆಗೋದು. ವಾಪಸ್ ಬರದೇ ಇದ್ದ ಬೂಟುಗಳು ಈಗಲೂ ಕನಸಲ್ಲಿ ಬರುತ್ವೆ’ ಅಂತ.”

ಅಣ್ಣ ಕೆಮ್ಮಿದ. ಅವಳು ನಿಲ್ಲಿಸಲಿಲ್ಲ.

“ಹೊಸ ಬೂಟು ಹಾಕ್ಕೊಂಡು ಯಾರೂ ನೇರ ಯುದ್ಧಕ್ಕೆ ಹೋಗಬಾರದು, ಮೊದಲೇ ಒಂದು ಸುತ್ತು ನಡೆದು ನೋಡಬೇಕು, ಇಲ್ಲಾಂದ್ರೆ ಕಚ್ಚುತ್ತೆ ಅನ್ನೋರು. ಮನೇಲೂ ಅದೇ ಕಾಟ. ನಾನು ಶಾಲೆಗೆ ಸೇರೋ ಹಿಂದಿನ ದಿನ ಖಾಲಿ ಶಾಲೆಗೆ ಕರ್ಕೊಂಡು ಹೋಗಿ ಕೂರಿಸಿದ್ರು. ನನ್ನ ಮದುವೆ ಹಿಂದಿನ ದಿನ ಪಾಪ, ಅಳಿಯನ್ನ ಬಾಗಿಲಿಂದ ಒಳಗೆ ಮೂರು ಸಲ ನಡೆಸಿದ್ರು.”

ದರ್ಜಿ ನಕ್ಕ. ಅಮ್ಮನೂ ನಕ್ಕರು. ಒಂದು ಬಟಾಣಿ ನೆಲಕ್ಕುರುಳಿತು.

“ಅಪ್ಪಾ, ನನಗೆ ಸೇತುವೆ ಬೇಡ. ನೀವು ಹೊಲಿದು ಕೊಟ್ರಿ, ಅಷ್ಟೊಂದು ಜನ ನಡೆದ್ರು. ನನಗೆ ಅದೇ ಹೆಮ್ಮೆ. ನೀವಂದ್ರೆ ನನಗೆ ಪ್ರಾಣ.”

ಇಷ್ಟು ಹೇಳಿ ಕೂತುಬಿಟ್ಟಳು.

ಅಣ್ಣ ತಲೆ ತಗ್ಗಿಸಿ ತನ್ನ ಪಾದ ನೋಡುತ್ತಿದ್ದ. ಹಿಂದಿನಿಂದ ಜೋರಾಗಿ ಮೂಗು ಸೀಟಿದ ಸದ್ದು ಬಂತು. ಬೆತ್ತದ ಕುರ್ಚಿ ಕಿರುಗುಟ್ಟಿತು.

“ನಿನ್ನ ಭಾಷಣ ಕಚ್ಚುತ್ತೆ ಕಣೋ, ಬಿಚ್ಚಿಡು,” ಎಂದರು ಅಪ್ಪ, ಕಣ್ಣೊರೆಸಿಕೊಳ್ಳುತ್ತ. “ಮಗಳೇ, ನಿಂದು ಸರಿಯಾಗಿ ಕೂತಿದೆ. ನಾನು ಸತ್ತಾಗ ಇದೇ ಇರಲಿ. ಎಲ್ಲಿ, ಮೊದಲಿಂದ ಇನ್ನೊಂದು ಸಲ ಹೇಳು ನೋಡೋಣ.”