ಗದಗಿನ ಹಾರ್ನು

ಬೆಳಿಗ್ಗೆ ತನ್ನದೇ ಮಾದರಿಯ ಇನ್ನೊಂದು ಕಾರಿನ ದನಿ ಕೇಳದೆ ಯಾವ ಕಾರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಮಾಮೂಲಿ ಕಾರುಗಳಿಗೆ ಅದೇನು ಕಷ್ಟ, ಬೀದಿ ತುಂಬ ನೆಂಟರು! ಹುಬ್ಬಳ್ಳಿಯ ಗುರುಸಿದ್ದಪ್ಪನ ಸ್ಪೋರ್ಟ್ಸ್ ಕಾರು ಮಿಂಚುಳ್ಳಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಬೆರಳೆಣಿಕೆಯಷ್ಟು ಕಾರು ಮಾಡಿ ಕಂಪನಿ ಬಾಗಿಲು ಹಾಕಿತ್ತು. ಉಳಿದದ್ದು ಇವನದೊಂದು, ಗದಗಿನ ಇಂದುಮತಿಯವರದೊಂದು. ದಿನಾ ಬೆಳಿಗ್ಗೆ ಆಕೆಗೆ ಫೋನ್ ಮಾಡಿ ಬಾನೆಟ್ ಮೇಲಿಡುತ್ತಿದ್ದ. ಅತ್ತಲಿಂದ ಹಾರ್ನ್ ಕೇಳುತ್ತಲೇ ಇದು ಗುರ್ರೆನ್ನುತ್ತಿತ್ತು.

ಎರಡನ್ನೂ ಒಮ್ಮೆಯಾದರೂ ಮುಖಾಮುಖಿ ನಿಲ್ಲಿಸುವ ಆಸೆ ಅವನಿಗೆ. ಒಂದು ದಿನ ಕಾರು ಸ್ಟಾರ್ಟ್ ಆದದ್ದೇ, ಹೇಳದೆ ಕೇಳದೆ ಗದಗಿಗೆ ಹೊರಟ.

ಇಂದುಮತಿಯವರ ಶೆಡ್ಡಿನಲ್ಲಿ ಕಾರಿರಲಿಲ್ಲ, ಮೆಣಸಿನಕಾಯಿ ಹರವಿತ್ತು.

“ನಂದು ಹ್ವಾದ ವರ್ಷನ ಗುಜರಿಗೆ ಹೋತ್ರೀ,” ಎಂದರು ಆಕೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ಹೇಳಿದ್ರ ನಿಮ್ಮದೂ ನಿಂತು ಬಿಡತೈತಿ ಅಂತ ಹೇಳಲಿಲ್ಲ.”

“ಮತ್ತ ದಿನಾ ಹಾರ್ನು?”

“ನಾನ ಬಾಯ್ಲೇ ಹೊಡೀತಿದ್ದೆ.”

ಗುರುಸಿದ್ದಪ್ಪ ಗಾಬರಿಯಿಂದ ತನ್ನ ಕಾರಿನತ್ತ ತಿರುಗಿ ನೋಡಿದ. “ಮೆಲ್ಲಕ ಅನ್ರೀ ಅಕ್ಕಾರ, ಅದಕ್ಕ ಕೇಳಸ್ತೈತಿ!”

ಕೇಳಿಸಿಯೇಬಿಟ್ಟಿತ್ತು. ಆಫ್ ಮಾಡಿ ನಿಲ್ಲಿಸಿದ್ದ ಮಿಂಚುಳ್ಳಿ ಆಕೆಯ ದನಿಯ ಗುರುತು ಹಿಡಿದು, ತಾನಾಗಿಯೇ ಸ್ಟಾರ್ಟ್ ಆಗಿತ್ತು.