ಮೌಲಾ ಸಾಬರ ಅಂಗೈ

ಯುದ್ಧಕಾಲದ ಮೋಟಾರ್‌ಸೈಕಲ್ಲಿನ ಎಂಜಿನ್ ಉಜ್ಜಿ ಹೊಳಪೇರಿಸಿ, ಹೊಸ ಕಾರ್ಬುರೇಟರ್ ಕೂರಿಸಿ ಕಿಕ್ ಹೊಡೆದ ಮೌಲಾ ಸಾಬರಿಗೆ ಅದರ ಸದ್ದು ಕೇಳಿಸಲಿಲ್ಲ. ಜ್ವರ ಅವರ ಎರಡೂ ಕಿವಿಗಳನ್ನು ಕಿತ್ತುಕೊಂಡು ವಾರವಾಗಿತ್ತು. ಸದ್ದು ಕೇಳಿಯೇ ಎಂಜಿನ್ ಹದಕ್ಕೆ ತರುತ್ತಿದ್ದ ದಾವಣಗೆರೆಯ ಈ ಮೇಸ್ತ್ರಿಗೆ ಕಿವಿ ಹೋಗಿದೆಯೆಂದು ಹೆಂಡತಿ ಖುರ್ಷೀದಾಳಿಗಷ್ಟೇ ಗೊತ್ತಿತ್ತು.

ಅವರು ಎಡ ಅಂಗೈಯನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು, ಕಾರ್ಬುರೇಟರಿನ ತಿರುಪನ್ನು ಮೆಲ್ಲಗೆ ತಿರುಗಿಸಿದರು. ಅಂಗೈಯಡಿಯ ನಡುಕ ಒಂದೇ ಸಮನಾದಾಗ ಕೈ ತೆಗೆದು, ಗಾಡಿಯನ್ನು ಮಾಲೀಕ ಮಾಳಿಂಗಪ್ಪನವರಿಗೆ ಒಪ್ಪಿಸಿದರು.

ಮಾಳಿಂಗಪ್ಪ ಹರಿಹರದವರೆಗೆ ಓಡಿಸಿ ಬಂದರು. “ಏರಿನಾಗೂ ಉಸಿರು ಕಟ್ಟಲಿಲ್ಲ ನೋಡ್ರಿ ಸಾಬ್ರೇ! ನಮ್ಮ ತಮ್ಮನ ಗಾಡೀನೂ ನೀವೇ ಮಾಡಿಕೊಡ್ರಿ” ಎಂದರು.

ಏನೂ ಕೇಳಿಸದೆ ಮೌಲಾ ಸಾಬರು ಬಾಗಿಲಲ್ಲಿದ್ದ ಖುರ್ಷೀದಾಳತ್ತ ತಿರುಗಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಅವರು ಅಲ್ಲೇ ಕಟ್ಟೆಯ ಮೇಲೆ ಕುಳಿತು, ಮೂವರಿಗೂ ಚಹಾ ಇಡು ಎಂದರು.